ಊರಿನ ಅಹವಾಲು ವಿಧಾನಸಭೆಯ ಪ್ರಶ್ನೆಯಾಗುವುದು ಹೇಗೆ?

ನಮ್ಮೂರು ಕೋಲಾರ ಜಿಲ್ಲೆಯಲ್ಲಿದೆ. ಊರಿನ ಫಿಲ್ಟರ್ ನೀರಿನ ಘಟಕ ಕೆಟ್ಟು ಹದಿನಾಲ್ಕು ತಿಂಗಳಾಗಿತ್ತು. ಬೋರಿನ ನೀರಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬಿದ್ದಿರುವುದನ್ನು ಶಾಲೆಯಲ್ಲಿ ನಾನು ದಿನಾ ನೋಡುತ್ತಿದ್ದೆ. ಕೊನೆಗೆ ಒಂದು ಸೋಮವಾರ ನಲವತ್ತು ಜನ ಎರಡು ಟಾಟಾ ಏಸ್ ಗಾಡಿ ಮಾಡಿಕೊಂಡು ಎಮ್ಮೆಲ್ಲೆ ಮನೆಗೆ ಹೋದೆವು. ಎಲ್ಲರೂ ಒಟ್ಟಿಗೆ ಮಾತಾಡಿದೆವು. ಅವರು ಯಾರಿಗೋ ಫೋನ್ ಮಾಡಿ, "ಮಾಡಿಸ್ತೀನಿ, ಹೋಗ್ಬನ್ನಿ" ಅಂದರು. ಕಾಫಿ ಕುಡಿದು ಬಂದೆವು. ಏನೂ ಆಗಲಿಲ್ಲ.

ಎರಡನೇ ಸಲ ಮೂರೇ ಜನ ಹೋದೆವು. ಕೈಯಲ್ಲಿ ಎರಡು ಹಾಳೆ ಇತ್ತು. ಆ ಎರಡು ಹಾಳೆ ನಲವತ್ತು ಜನರಿಗಿಂತ ಹೆಚ್ಚು ಕೆಲಸ ಮಾಡಿತು. ಅದು ಹೇಗೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಯಾವ ಹಳ್ಳಿಯವರಾದರೂ ಇದನ್ನು ಮಾಡಬಹುದು. ವಕೀಲರು ಬೇಕಿಲ್ಲ, ಲೀಡರ್ ಪರಿಚಯ ಬೇಕಿಲ್ಲ.

ಶುರು ಮಾಡುವ ಮುಂಚೆ ಒಂದು ವಿಷಯ. ನಮ್ಮ ವಿಧಾನಸಭೆಯಲ್ಲಿ ಚುನಾಯಿತ ಶಾಸಕರು 224 ಮಂದಿ. ಸಂವಿಧಾನದ 91ನೇ ತಿದ್ದುಪಡಿಯ ಪ್ರಕಾರ ಸಚಿವರ ಸಂಖ್ಯೆ ಅದರ ಶೇ. 15ನ್ನು ಮೀರುವಂತಿಲ್ಲ. ಹಾಗಾಗಿ ಮುಖ್ಯಮಂತ್ರಿ ಸೇರಿ ಹೆಚ್ಚೆಂದರೆ 34. ಉಳಿದ ಸುಮಾರು 190 ಜನ ಸಚಿವರಲ್ಲ. ಅವರ ಕೈಯಲ್ಲಿ ಇಲಾಖೆ ಇಲ್ಲ, ಆದೇಶ ಹೊರಡಿಸುವ ಅಧಿಕಾರ ಇಲ್ಲ. ಆದರೆ ಸರ್ಕಾರವನ್ನು ಪ್ರಶ್ನೆ ಕೇಳಿ, ಬರವಣಿಗೆಯಲ್ಲಿ ಉತ್ತರ ಪಡೆಯುವ ಹಕ್ಕಿದೆ. ನಾವು ಎಮ್ಮೆಲ್ಲೆ ಹತ್ತಿರ ಹೋದಾಗ ಮದುವೆಗೆ ಬನ್ನಿ, ದೇವಸ್ಥಾನಕ್ಕೆ ದುಡ್ಡು ಕೊಡಿ, ವರ್ಗಾವಣೆ ಮಾಡಿಸಿಕೊಡಿ ಅಂತೀವಿ. ಈ ಹಕ್ಕನ್ನು ನಮಗಾಗಿ ಬಳಸಿ ಅಂತ ಮಾತ್ರ ಕೇಳುವುದೇ ಇಲ್ಲ.

ಮೊದಲ ಹಂತ: ಇದು ಯಾರ ಕೆಲಸ ಅಂತ ನೋಡಿ

ಬೀದಿ ದೀಪ, ಚರಂಡಿಯ ಹೂಳು, ನೀರುಗಂಟಿ ಸರಿಯಾಗಿ ನೀರು ಬಿಡದೇ ಇರುವುದು, ಇವೆಲ್ಲ ಪಂಚಾಯ್ತಿ ಕೆಲಸ. ಪಿಡಿಒಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ) ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಆಗಲಿಲ್ಲ ಅಂದರೆ ತಾಲ್ಲೂಕು ಪಂಚಾಯ್ತಿ ಇಒ, ಅಂದರೆ ಕಾರ್ಯನಿರ್ವಾಹಕ ಅಧಿಕಾರಿ. ಜನಸ್ಪಂದನದ 1902 ಸಹಾಯವಾಣಿಗೂ ದೂರು ಕೊಡಬಹುದು. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೇಂದ್ರ ಸರ್ಕಾರದ ವಿಷಯವನ್ನು ವಿಧಾನಸಭೆಯಲ್ಲಿ ಕೇಳಿಸಲು ಹೋದರೆ ಪ್ರಶ್ನೆಯೇ ತಿರಸ್ಕಾರವಾಗುತ್ತದೆ. ಕೆಜಿಎಫ್ ಕಡೆಯವರು ಇದನ್ನು ಚೆನ್ನಾಗಿ ಗಮನಿಸಬೇಕು. ಅಲ್ಲಿ ಚಿನ್ನದ ಗಣಿ ನಡೆಸುತ್ತಿದ್ದ, 2001ರಲ್ಲಿ ಮುಚ್ಚಿದ ಬಿಜಿಎಂಎಲ್ ಕೇಂದ್ರದ ಕಂಪನಿ. ಕಾರ್ಮಿಕರ ಬಾಕಿ, ಗಣಿ ಕಂಪನಿಯ ಜಾಗದ ವಿಷಯ ಕೇಳಬೇಕಾದದ್ದು ಸಂಸದರ ಮೂಲಕ, ಲೋಕಸಭೆಯಲ್ಲಿ. ರೈಲು, ರಾಷ್ಟ್ರೀಯ ಹೆದ್ದಾರಿಗಳೂ ಹಾಗೆಯೇ. ತಿಪಟೂರು ಕಡೆ ಕೊಬ್ಬರಿ ಬೆಂಬಲ ಬೆಲೆ ನಿಗದಿ ಮಾಡುವುದು ಕೇಂದ್ರ. ಆದರೆ ಖರೀದಿ ಕೇಂದ್ರ ಎಷ್ಟು ತೆರೆದರು, ಯಾವಾಗ ತೆರೆದರು, ನೋಂದಣಿಯಲ್ಲಿ ರೈತರಿಗೆ ಏನು ತೊಂದರೆಯಾಯಿತು ಅನ್ನುವುದನ್ನು ರಾಜ್ಯ ಸರ್ಕಾರವನ್ನು ಕೇಳಬಹುದು. ಹೀಗೆ ವಿಷಯವನ್ನು ಸೀಳಿ, ರಾಜ್ಯದ ಪಾಲು ಎಷ್ಟು ಅಂತ ಬೇರೆ ಮಾಡಿಕೊಳ್ಳಿ.

ಕೋರ್ಟಿನಲ್ಲಿರುವ ಕೇಸಿನ ಬಗ್ಗೆ ಪ್ರಶ್ನೆ ಒಪ್ಪುವುದಿಲ್ಲ. ಅಣ್ಣತಮ್ಮಂದಿರ ಜಮೀನು ಜಗಳವನ್ನಂತೂ ತರಲೇಬೇಡಿ.

ಎರಡನೇ ಹಂತ: ಕಾಗದ ಸೇರಿಸಿ

ಇಲ್ಲಿ ತಾಳ್ಮೆ ಬೇಕು. ನಮಗೆ ಎರಡು ತಿಂಗಳು ಹಿಡಿಯಿತು.

ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಇದು ಗೊತ್ತಿಲ್ಲದೆ ನಾನು ಮೊದಲ ಅರ್ಜಿಯಲ್ಲಿ ನೀರು, ರಸ್ತೆ, ಅಂಗನವಾಡಿ ಎಲ್ಲ ಸೇರಿಸಿ ಬರೆದಿದ್ದೆ. ವಾಪಸ್ ಬಂತು. ಮತ್ತೆ ಒಂದೊಂದೇ ವಿಷಯಕ್ಕೆ ಬೇರೆ ಬೇರೆ ಹಾಕಿದೆ. 30 ದಿನದೊಳಗೆ ಉತ್ತರ ಬರಬೇಕು. "ಯಾಕೆ ರಿಪೇರಿ ಮಾಡಿಲ್ಲ?" ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. "ನಿರ್ವಹಣೆ ಒಪ್ಪಂದದ ನಕಲು ಕೊಡಿ, ಬಿಲ್ ಪಾವತಿಯ ನಕಲು ಕೊಡಿ" ಅಂತ ದಾಖಲೆಯನ್ನೇ ಕೇಳಿ.

ನೀರಿನ ವಿಷಯವಾದರೆ ಪರೀಕ್ಷೆ ಮಾಡಿಸಿದ ವರದಿ ಇರಲಿ. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ನಿಮ್ಮ ಬೋರಿನ ನೀರಲ್ಲಿ ಎಷ್ಟಿದೆ ಅನ್ನುವ ಒಂದು ಅಂಕಿ, ಹತ್ತು ನಿಮಿಷದ ಭಾಷಣಕ್ಕಿಂತ ಗಟ್ಟಿ. ಫೋಟೋ ತೆಗೆದರೆ ದಿನಾಂಕ ಕಾಣುವ ಹಾಗೆ ತೆಗೆಯಿರಿ. ಬೀಗ ಬಿದ್ದಿದ್ದ ಘಟಕದ ಮುಂದೆ ನಾವು ಅವತ್ತಿನ ಪೇಪರ್ ಹಿಡಿದು ಫೋಟೋ ತೆಗೆದೆವು. ಹುಡುಗರು ಕೊಟ್ಟ ಐಡಿಯಾ ಅದು. ಅದೇ ಮುಂದೆ ನಮ್ಮನ್ನು ಕಾಪಾಡಿತು.

ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ತೆಗೆದುಕೊಳ್ಳಿ. ಆಗ ಅದು ಒಬ್ಬರ ದೂರಾಗಿ ಉಳಿಯುವುದಿಲ್ಲ, ಊರಿನ ಮಾತಾಗುತ್ತದೆ.

ಮೂರನೇ ಹಂತ: ದಾರಿ ಆರಿಸಿ

ಎಲ್ಲದಕ್ಕೂ ವಿಧಾನಸೌಧ ಬೇಕಿಲ್ಲ. ಶಾಸಕರ ಕೈಯಲ್ಲಿ ತಾಲ್ಲೂಕಿನಲ್ಲೇ ಕೆಲವು ದಾರಿಗಳಿವೆ.

ಮೂರು ತಿಂಗಳಿಗೊಮ್ಮೆ ತಾಲ್ಲೂಕು ಕೆಡಿಪಿ ಸಭೆ, ಅಂದರೆ ಇಲಾಖೆಗಳ ಪ್ರಗತಿ ನೋಡುವ ಸಭೆ ನಡೆಯುತ್ತದೆ. ಅಧ್ಯಕ್ಷರು ಶಾಸಕರೇ. ಎಲ್ಲ ಇಲಾಖೆಯ ತಾಲ್ಲೂಕು ಅಧಿಕಾರಿಗಳು ಎದುರಿಗೆ ಕೂತಿರುತ್ತಾರೆ. ಅಲ್ಲಿ ಒಂದು ವಿಷಯ ಎತ್ತಿದರೆ ನಡಾವಳಿಯಲ್ಲಿ ದಾಖಲಾಗುತ್ತದೆ, ಮುಂದಿನ ಸಭೆಯಲ್ಲಿ ಏನು ಮಾಡಿದೆವು ಅಂತ ಅನುಪಾಲನಾ ವರದಿ ಕೊಡಬೇಕಾಗುತ್ತದೆ. ನನ್ನ ಪ್ರಕಾರ ಹಳ್ಳಿಯ ಅರ್ಧ ಸಮಸ್ಯೆಗೆ ಇದೇ ಸರಿಯಾದ ಜಾಗ. ಬಗರ್‌ಹುಕುಂ ಸಾಗುವಳಿದಾರರು, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನು ಉಳುತ್ತಿರುವವರು, ಸಕ್ರಮಕ್ಕಾಗಿ ಹಾಕಿದ ನಮೂನೆ 50, 53, 57ರ ಅರ್ಜಿಗಳಾದರೆ ಸಕ್ರಮ ಸಮಿತಿ ಮುಂದೆ ಹೋಗುತ್ತವೆ. ಅದರಲ್ಲೂ ಶಾಸಕರ ಪಾತ್ರ ಇದೆ. ಸಣ್ಣ ಕಾಮಗಾರಿಗೆ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಇದೆ.

ಸದನದ ದಾರಿ ಯಾವಾಗ ಬೇಕು? ತಾಲ್ಲೂಕಿನ ಅಧಿಕಾರಿ "ಮೇಲಿಂದ ದುಡ್ಡು ಬಂದಿಲ್ಲ" ಅಂದಾಗ. ಅಥವಾ ತೊಂದರೆ ಒಂದು ಊರಿನದ್ದಾಗಿ ಉಳಿಯದೆ, ಹತ್ತಾರು ಊರಿನದ್ದು ಅಂತ ಗೊತ್ತಾದಾಗ. ಆಗ ಇವು ನೆನಪಿರಲಿ.

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ನಿಂತು ಉತ್ತರ ಕೊಡಬೇಕು, ಶಾಸಕರು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಇದ್ದಕ್ಕಿದ್ದಂತೆ ಬಂದ ತುರ್ತು ವಿಷಯಕ್ಕೆ ಗಮನ ಸೆಳೆಯುವ ಸೂಚನೆ ಮತ್ತು ಶೂನ್ಯವೇಳೆ (ಪ್ರಶ್ನೋತ್ತರ ಮುಗಿದ ಮೇಲಿನ ಹೊತ್ತು). ದೊಡ್ಡ ವಿಷಯಕ್ಕೆ ಸದನದ ನಿಯಮ 69ರ ಚರ್ಚೆ. ಟಿವಿಯಲ್ಲಿ ಬರುವುದು ಗದ್ದಲ ಮತ್ತು ಶೂನ್ಯವೇಳೆ. ಆದರೆ ಹಳ್ಳಿಯವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಯಾರೂ ನೋಡದ ಆ ಚುಕ್ಕೆ ಗುರುತಿಲ್ಲದ ಪ್ರಶ್ನೆಯೇ. ಅದರ ಉತ್ತರದ ಜೊತೆ ಅನುಬಂಧ ಬರುತ್ತದೆ. ಊರೂರಿನ ಪಟ್ಟಿ, ಖರ್ಚಿನ ಲೆಕ್ಕ ಎಲ್ಲ ಅದರಲ್ಲಿರುತ್ತದೆ. ಕೆಳಗೆ ಸಚಿವರ ಸಹಿ ಇರುತ್ತದೆ.

ನಾಲ್ಕನೇ ಹಂತ: ಪ್ರಶ್ನೆಯನ್ನು ನೀವೇ ಬರೆಯಿರಿ

ಇದೇ ಮುಖ್ಯ. ಶಾಸಕರ ಹತ್ತಿರ ದಿನಕ್ಕೆ ನೂರಾರು ಜನ ಬರುತ್ತಾರೆ. ನಿಮ್ಮ ಕಷ್ಟ ಕೇಳಿ, ಅದನ್ನು ಸದನದ ಭಾಷೆಗೆ ತಂದು, ಟೈಪ್ ಮಾಡಿಸಿ ಕಳಿಸುವ ಪುರುಸೊತ್ತು ಅವರ ಆಪ್ತ ಸಹಾಯಕರಿಗೆ ಇರುವುದಿಲ್ಲ. ಬರೆದಿರುವ ಪ್ರಶ್ನೆ ಕೈಗೆ ಕೊಟ್ಟರೆ ಸಹಿ ಹಾಕಿ ಕಳಿಸುವುದಷ್ಟೇ ಬಾಕಿ ಇರುತ್ತದೆ.

ನಾವು ಮೊದಲು ಬರೆದದ್ದು ಹೀಗಿತ್ತು: "ನಮ್ಮ ಗ್ರಾಮದಲ್ಲಿ ಬಡ ಜನರು ವಿಷದ ನೀರು ಕುಡಿಯುತ್ತಿದ್ದು, ಅಧಿಕಾರಿಗಳು ನಿರ್ಲಕ್ಷ್ಯ ವಹಿಸಿದ್ದಾರೆ. ಸರ್ಕಾರಕ್ಕೆ ಕಣ್ಣಿಲ್ಲವೇ?" ನೋವು ನಿಜ. ಆದರೆ ಇದು ಪ್ರಶ್ನೆ ಅಲ್ಲ. ವಾದ, ಆರೋಪ, ವಿಶೇಷಣ ಇರುವುದನ್ನು ವಿಧಾನಸಭೆಯ ಸಚಿವಾಲಯ ಒಪ್ಪುವುದಿಲ್ಲ. ಅಕಸ್ಮಾತ್ ಒಪ್ಪಿದರೂ "ಇಲ್ಲ" ಅನ್ನುವ ಒಂದೇ ಪದದಲ್ಲಿ ಇಲಾಖೆ ಕೈತೊಳೆದುಕೊಳ್ಳುತ್ತದೆ.

ವಿಧಾನಸಭೆಯ ವೆಬ್‌ಸೈಟ್‌ನಲ್ಲಿ ಹಳೇ ಪ್ರಶ್ನೋತ್ತರಗಳಿವೆ. ಹತ್ತು ಓದಿದರೆ ಧಾಟಿ ಸಿಕ್ಕಿಬಿಡುತ್ತದೆ. ನಾವು ತಿದ್ದಿ ಬರೆದದ್ದು ಇದು:

(ಅ) ಕೋಲಾರ ಜಿಲ್ಲೆಯ ಇಂಥ ತಾಲ್ಲೂಕಿನಲ್ಲಿ ಸ್ಥಾಪಿಸಿರುವ ಶುದ್ಧ ಕುಡಿಯುವ ನೀರಿನ ಘಟಕಗಳು ಎಷ್ಟು. ಅವುಗಳಲ್ಲಿ ಚಾಲನೆಯಲ್ಲಿರುವುವು ಎಷ್ಟು, ಸ್ಥಗಿತಗೊಂಡಿರುವುವು ಎಷ್ಟು? (ಗ್ರಾಮವಾರು ವಿವರ ನೀಡುವುದು)

(ಆ) ಸ್ಥಗಿತಗೊಂಡಿರುವ ಘಟಕಗಳು ಯಾವ ದಿನಾಂಕದಿಂದ ಮತ್ತು ಯಾವ ಕಾರಣದಿಂದ ಸ್ಥಗಿತಗೊಂಡಿವೆ?

(ಇ) ಘಟಕಗಳ ನಿರ್ವಹಣೆಯ ಹೊಣೆ ಯಾರದು. ಕಳೆದ ಮೂರು ವರ್ಷಗಳಲ್ಲಿ ನಿರ್ವಹಣೆಗಾಗಿ ಪಾವತಿಸಿದ ಮೊತ್ತವೆಷ್ಟು? (ವರ್ಷವಾರು ವಿವರ ನೀಡುವುದು)

(ಈ) ದುರಸ್ತಿಯನ್ನು ಯಾವ ಕಾಲಮಿತಿಯಲ್ಲಿ ಪೂರ್ಣಗೊಳಿಸಲಾಗುವುದು?

ನೋಡಿ, ಇದರಲ್ಲಿ ನಮ್ಮೂರಿನ ಹೆಸರೇ ಇಲ್ಲ. ಬೇಕೆಂದೇ ಬಿಟ್ಟೆವು. ಒಂದೇ ಊರು ಅಂದರೆ ಸಣ್ಣ ವಿಷಯ ಆಗುತ್ತದೆ. ತಾಲ್ಲೂಕು ಅಂದರೆ ಶಾಸಕರಿಗೂ ಆಸಕ್ತಿ, ಎಲ್ಲ ಊರಿನವರಿಗೂ ಲಾಭ. "ಗ್ರಾಮವಾರು" ಅನ್ನುವ ಒಂದು ಪದದಲ್ಲಿ ನಮ್ಮೂರು ತಾನಾಗಿ ಬಂದುಬಿಡುತ್ತದೆ. "ವರ್ಷವಾರು", "ಯಾವ ದಿನಾಂಕದಿಂದ", "ಕಾಲಮಿತಿ" ಇವೂ ಅಂಥ ಪದಗಳೇ. ಇವು ಇಲ್ಲದಿದ್ದರೆ "ಹಂತ ಹಂತವಾಗಿ ಕ್ರಮ ಕೈಗೊಳ್ಳಲಾಗುತ್ತಿದೆ" ಅಂತ ಬರೆದು ಮುಗಿಸುತ್ತಾರೆ.

ಇನ್ನೊಂದು ಉದಾಹರಣೆ ಕೊಡುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಗೆ ಇದಕ್ಕಿಂತ ದೊಡ್ಡ ವಿಷಯ ಇಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ದಿನಕ್ಕೆ ಸುಮಾರು 40 ಕೋಟಿ ಲೀಟರ್ ನೀರು, 126 ಕೆರೆ ಅಂತ ಹೇಳಿದರು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಬತ್ತಿದ ಬೋರುಗಳಲ್ಲಿ ನೀರು ಕಂಡು ಸಂತೋಷಪಟ್ಟವರಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅಂತ ಹೋರಾಡುತ್ತಿರುವವರೂ ಇದ್ದಾರೆ. ಎರಡೂ ಕಡೆಯವರಿಗೆ ಬೇಕಾದದ್ದು ಸರಿಯಾದ ಲೆಕ್ಕ. "ಕೆ.ಸಿ. ವ್ಯಾಲಿ ನೀರು ವಿಷವೇ?" ಅಂತ ಕೇಳಿದರೆ ಏನೂ ಸಿಗುವುದಿಲ್ಲ. "ಕಳೆದ ವರ್ಷ ತಿಂಗಳುವಾರು ಹರಿದ ನೀರು ಎಷ್ಟು, ಯಾವ ಯಾವ ಕೆರೆಯ ನೀರನ್ನು ಯಾವ ದಿನಾಂಕದಂದು, ಯಾವ ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ, ಫಲಿತಾಂಶವೇನು?" ಅಂತ ಕೇಳಿದರೆ ಅನುಬಂಧ ಬರಲೇಬೇಕು. ಚಿಕ್ಕಬಳ್ಳಾಪುರದವರು ತಮ್ಮ ಕಡೆಯ ಇಂಥದ್ದೇ ಯೋಜನೆ ಎಚ್.ಎನ್. ವ್ಯಾಲಿಯ ಬಗ್ಗೆ ಇದನ್ನೇ ಕೇಳಿಸಬಹುದು. ಪಶ್ಚಿಮಘಟ್ಟದ ನೀರನ್ನು ನಮ್ಮ ಕಡೆ ತರುವ ಎತ್ತಿನಹೊಳೆ ಯೋಜನೆಗೂ ಇದೇ ಧಾಟಿ ಸಾಕು. 24.01 ಟಿಎಂಸಿ ನೀರಿನ ಆ ಯೋಜನೆಯ ಅಂದಾಜು 2014ರಲ್ಲಿ 12,912 ಕೋಟಿ ಇದ್ದದ್ದು 23 ಸಾವಿರ ಕೋಟಿ ದಾಟಿದೆ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತದ ಉದ್ಘಾಟನೆ ಸಕಲೇಶಪುರದ ಕಡೆ ಆಯಿತು. ನಮ್ಮ ತಾಲ್ಲೂಕಿನ ಯಾವ ಕೆರೆಗೆ, ಎಷ್ಟು ನೀರು, ಯಾವ ವರ್ಷ ಅಂತ ಪ್ರತಿ ಅಧಿವೇಶನದಲ್ಲೂ ಕೇಳುತ್ತಿರಬೇಕು.

ಐದನೇ ಹಂತ: ಸಮಯ ನೋಡಿ ಹೋಗಿ

ಅಧಿವೇಶನ ಶುರುವಾದ ಮೇಲೆ ಪ್ರಶ್ನೆ ತೆಗೆದುಕೊಂಡು ಹೋದರೆ ತಡವಾಯಿತು ಅಂತಲೇ ಅರ್ಥ. ಪ್ರಶ್ನೆಯ ಸೂಚನೆಯನ್ನು ಸುಮಾರು ಎರಡು ವಾರ ಮುಂಚೆಯೇ ವಿಧಾನಸಭೆ ಕಾರ್ಯದರ್ಶಿಗೆ ಕೊಡಬೇಕು. ಸಾಮಾನ್ಯವಾಗಿ ವರ್ಷದ ಆರಂಭದಲ್ಲಿ ಬಜೆಟ್ ಅಧಿವೇಶನ, ಜುಲೈ ಆಸುಪಾಸಿನಲ್ಲಿ ಮಳೆಗಾಲದ್ದು, ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ್ದು. ಅದಕ್ಕೆ ಒಂದು ತಿಂಗಳ ಮುಂಚೆ ಹೋಗಿ. ವರ್ಷಕ್ಕೆ 60 ದಿನವಾದರೂ ಸದನ ನಡೆಯಬೇಕು ಅಂತ 2005ರ ಕಾಯ್ದೆ ಹೇಳುತ್ತದೆ. ಅಷ್ಟು ದಿನ ನಡೆಯದ ವರ್ಷಗಳೇ ಜಾಸ್ತಿ. ಅದು ನನಗೆ ಬಹಳ ಬೇಸರ ತರುವ ವಿಷಯ. ಒಂದು ದಿನ ಕಡಿಮೆಯಾದರೆ ಆ ದಿನದ ಅಷ್ಟೂ ಪ್ರಶ್ನೆಗಳು ಹೋದ ಹಾಗೆ ಅಲ್ವಾ?

ಒಬ್ಬ ಶಾಸಕರು ಇಷ್ಟೇ ಪ್ರಶ್ನೆ ಕೊಡಬಹುದು ಅಂತ ಮಿತಿ ಇದೆ. ಅದಕ್ಕೇ ಬೇಗ ಹೋಗಬೇಕು.

ಆರನೇ ಹಂತ: ಶಾಸಕರ ಮುಂದೆ

ಮೂರು ಜನ ಸಾಕು. ಒಬ್ಬರು ಹೆಣ್ಣುಮಕ್ಕಳಿರಲಿ, ನೀರು ಹೊರುವವರು ಅವರೇ ತಾನೇ. ಮೊದಲು ಪಿಎ ಹತ್ತಿರ ಮಾತಾಡಿ, ಜನಜಂಗುಳಿ ಇಲ್ಲದ ಸಮಯ ಕೇಳಿ. ನಮ್ಮ ಜೊತೆ ಬಂದ ಅಕ್ಕ ಹೇಳಿದ್ದು ಇಷ್ಟೇ: "ಸಾರ್, ಅವತ್ತು ಬಂದು ಗಲಾಟೆ ಮಾಡಿದ್ವಿ. ಇವತ್ತು ಗಲಾಟೆ ಇಲ್ಲ. ಇದೊಂದು ಪ್ರಶ್ನೆ ಬರ್ಕೊಂಡು ಬಂದಿದೀವಿ, ಸದನದಲ್ಲಿ ಕೇಳ್ಬೇಕು." ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಇದನ್ನ ಯಾರಮ್ಮ ಬರೆದಿದ್ದು?" ಅಂದರು. ಅವತ್ತೇ ಸಹಿ ಆಯಿತು.

ಒಂದು ಹಾಳೆಯಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ದಿನಾಂಕದ ಸಮೇತ ಘಟನೆಗಳು. ಕಡತ ಪೂರ್ತಿ ಕೊಡಬೇಡಿ, ಕೇಳಿದರೆ ತೋರಿಸಿ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಎರಡು ಉಪಪ್ರಶ್ನೆಯನ್ನೂ ಚೀಟಿಯಲ್ಲಿ ಬರೆದುಕೊಡಿ.

ಶಾಸಕರು ಆಡಳಿತ ಪಕ್ಷದವರಾದರೆ ಹಿಂಜರಿಯಬಹುದು. ನಮ್ಮದೇ ಸರ್ಕಾರವನ್ನು ಹೇಗೆ ಕೇಳಲಿ ಅಂತ. ಪ್ರಶ್ನೆ ಕೇಳುವುದು ಪಕ್ಷಾಂತರ ಅಲ್ಲ. ಆಡಳಿತ ಪಕ್ಷದವರೂ ಪ್ರತಿ ಅಧಿವೇಶನದಲ್ಲಿ ಕೇಳುತ್ತಾರೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಯಾದರೆ ಯಾರಿಗೂ ಮುಜುಗರ ಇಲ್ಲ ಅಂತ ಮೆಲ್ಲಗೆ ಹೇಳಿ. ವಿರೋಧ ಪಕ್ಷದ ಶಾಸಕರು "ನಮ್ಮ ಮಾತು ಯಾರು ಕೇಳ್ತಾರೆ" ಅನ್ನಬಹುದು. ಆಗ ಬಾಗೇಪಲ್ಲಿಯನ್ನು ನೆನಪಿಸಿ. ಅಲ್ಲಿಂದ ಗೆದ್ದ ಜಿ.ವಿ. ಶ್ರೀರಾಮರೆಡ್ಡಿ ಅವರು 1994ರಲ್ಲೂ 2004ರಲ್ಲೂ ಇಡೀ ಸದನದಲ್ಲಿ ಸಿಪಿಎಂನ ಒಬ್ಬರೇ ಶಾಸಕರಾಗಿದ್ದರು. ಒಬ್ಬರೇ ಇದ್ದರೂ ಪ್ರಶ್ನೆ ಕೇಳುವ ಹಕ್ಕು ಕಡಿಮೆಯಾಗುವುದಿಲ್ಲ.

ಶಾಸಕರು ಒಪ್ಪಲೇ ಇಲ್ಲ ಅಂದರೆ? ವಿಧಾನ ಪರಿಷತ್ ಇದೆ. ಅಲ್ಲಿಯ ಸದಸ್ಯರಿಗೂ ಪ್ರಶ್ನೆ ಕೇಳುವ ಹಕ್ಕಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗಳು ಆಗ್ನೇಯ ಪದವೀಧರರ ಕ್ಷೇತ್ರ ಮತ್ತು ಆಗ್ನೇಯ ಶಿಕ್ಷಕರ ಕ್ಷೇತ್ರದಲ್ಲಿ ಬರುತ್ತವೆ. ಸ್ಥಳೀಯ ಸಂಸ್ಥೆಗಳಿಂದ ಆಯ್ಕೆಯಾದ ಸದಸ್ಯರೂ ಇರುತ್ತಾರೆ. ನಮ್ಮವರು ಇವರನ್ನು ಮರೆತೇಬಿಟ್ಟಿರುತ್ತಾರೆ.

ಏಳನೇ ಹಂತ: ಉತ್ತರ ಬಂದ ಮೇಲೆ

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಇಲ್ಲಿಂದ.

ನಮ್ಮ ಪ್ರಶ್ನೆಗೆ ಉತ್ತರ ಬಂತು. ಅನುಬಂಧ ತೆರೆದು ನಮ್ಮೂರಿನ ಸಾಲು ಹುಡುಕಿದೆವು. ಎದುರಿಗೆ "ಚಾಲನೆಯಲ್ಲಿದೆ" ಅಂತ ಇತ್ತು! ಬೀಗ ಜಡಿದು ಜೇಡ ಬಲೆ ಕಟ್ಟಿದ ಘಟಕ, ಕಾಗದದಲ್ಲಿ ಓಡುತ್ತಿತ್ತು. ಮೊದಲು ಸಿಟ್ಟು ಬಂತು. ಆಮೇಲೆ ಅರ್ಥವಾಯಿತು, ನಮಗೆ ಇದಕ್ಕಿಂತ ಒಳ್ಳೆ ಕಾಗದ ಸಿಗಲು ಸಾಧ್ಯವಿಲ್ಲ ಅಂತ. ಅವತ್ತಿನವರೆಗೂ ಅದು ನಮ್ಮ ದೂರಾಗಿತ್ತು. ಈಗ ಕೆಳಗಿನವರು ಸಚಿವರಿಗೆ ಕೊಟ್ಟ ತಪ್ಪು ಮಾಹಿತಿಯಾಯಿತು.

ಆ ಅನುಬಂಧದ ಪ್ರತಿ, ಪೇಪರ್ ಹಿಡಿದು ತೆಗೆದ ಫೋಟೋ, ಗ್ರಾಮಸಭೆ ನಡಾವಳಿ, ಮೂರನ್ನೂ ಜೋಡಿಸಿ ಶಾಸಕರಿಗೆ ಕೊಟ್ಟೆವು. ಅವರು ಮುಂದಿನ ಕೆಡಿಪಿ ಸಭೆಯಲ್ಲಿ ಅದನ್ನು ಮೇಜಿನ ಮೇಲಿಟ್ಟು, "ಸದನಕ್ಕೆ ಹೀಗೆ ಉತ್ತರ ಹೋಗಿದೆ, ಇದಕ್ಕೇನು ಹೇಳ್ತೀರಿ?" ಅಂತ ಕೇಳಿದರು. ಮೂರು ವಾರದಲ್ಲಿ ನೀರು ಸೋಸುವ ಹೊಸ ಮೆಂಬ್ರೇನ್ ಬಂತು. ನಮ್ಮೂರೊಂದೇ ಅಲ್ಲ, ಪಟ್ಟಿಯಲ್ಲಿ ಸುಳ್ಳೇ ಓಡುತ್ತಿದ್ದ ಇನ್ನೂ ನಾಲ್ಕು ಊರಿನ ಘಟಕಗಳೂ ಶುರುವಾದವು.

ಉತ್ತರ ಓದುವುದಕ್ಕೂ ಒಂದು ಅಭ್ಯಾಸ ಬೇಕು. "ಪರಿಶೀಲನೆಯಲ್ಲಿದೆ" ಅಂದರೆ ಯಾವ ಕಡತ, ಯಾವ ಮೇಜಿನ ಮೇಲೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. "ಅನುದಾನದ ಲಭ್ಯತೆ ಆಧರಿಸಿ" ಅಂದರೆ ಈ ವರ್ಷ ದುಡ್ಡಿಲ್ಲ ಅಂತ. ಬಜೆಟ್‌ಗೆ ಮುಂಚೆ ಮತ್ತೆ ಬೆನ್ನು ಹತ್ತಿ. "ಉದ್ಭವಿಸುವುದಿಲ್ಲ" ಅಂದರೆ ನಿಮ್ಮ ಪ್ರಶ್ನೆಯ (ಅ) ಭಾಗಕ್ಕೆ "ಇಲ್ಲ" ಅನ್ನುವುದಕ್ಕೆ ಜಾಗ ಇತ್ತು ಅಂತ. ಮುಂದಿನ ಸಲ ಬೇರೆ ರೀತಿ ಬರೆಯಿರಿ. "ಕ್ರಮ ಕೈಗೊಳ್ಳಲಾಗುವುದು" ಅಂತ ಸಚಿವರು ಸದನದಲ್ಲಿ ಹೇಳಿದ್ದರೆ ಅದು ಭರವಸೆ. ಅದನ್ನು ಬೆನ್ನು ಹತ್ತಲೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಆ ಸಮಿತಿಗೆ ವಿಷಯ ಹೋಗಿದೆಯೇ ಅಂತ ಶಾಸಕರನ್ನು ಕೇಳಿ. ಎಲ್ಲ ದಾರಿ ಮುಚ್ಚಿದರೆ ಶಾಸಕರ ಸಹಿಯೊಂದಿಗೆ ಅರ್ಜಿಗಳ ಸಮಿತಿಗೆ ಹೋಗಬಹುದು.

ಕೆಲಸ ಆದರೆ ಶಾಸಕರಿಗೆ ಒಂದು ಪತ್ರ ಬರೆಯಿರಿ. ಹಾರ, ಶಾಲು ಬೇಡ. "ನೀವು ಕೇಳಿದ ಪ್ರಶ್ನೆಯಿಂದ ಇಂಥ ದಿನ ನೀರು ಬಂತು" ಅಂತ ಎರಡು ಸಾಲು ಸಾಕು. ನಮ್ಮ ಪತ್ರವನ್ನು ಅವರು ಕಚೇರಿಯ ಗೋಡೆಗೆ ಅಂಟಿಸಿದ್ದರು.

ಈಗ ನಮ್ಮೂರಿನ ಘಟಕದ ಪಕ್ಕ ಒಂದು ನೋಟ್‌ಬುಕ್ ನೇತುಹಾಕಿದ್ದೇವೆ. ಮೆಂಬ್ರೇನ್ ಬದಲಾಯಿಸಿದ ದಿನ, ಕೆಟ್ಟ ದಿನ, ದೂರು ಕೊಟ್ಟ ದಿನ ಎಲ್ಲ ಹೈಸ್ಕೂಲ್ ಮಕ್ಕಳೇ ಬರೆಯುತ್ತಾರೆ. ಮುಂದಿನ ಅಧಿವೇಶನಕ್ಕೆ ಪಕ್ಕದೂರಿನ ಶಾಲೆಯ ಶೌಚಾಲಯದ ಪ್ರಶ್ನೆ ತಯಾರಾಗುತ್ತಿದೆ. (ಅ) ಮತ್ತು (ಆ) ಬರೆದಾಗಿದೆ. (ಇ) ಹೇಗಿರಬೇಕು ಅಂತ ಭಾನುವಾರ ಅರಳಿಕಟ್ಟೆ ಮೇಲೆ ಕೂತು ಮಾತಾಡುತ್ತೇವೆ.